ದುಡ್ಡು ಎಲ್ಲಿ ನಿಂತಿದೆ ಅಂತ ಮೊದಲು ಕೇಳಿ

ಪ್ರಶ್ನೆ: ಮೇಡಂ, ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮ ಸಂಜೀವಿನಿ ಮಹಿಳಾ ಸ್ವಸಹಾಯ ಸಂಘದ ಲೆಕ್ಕ ನಾನೇ ಬರೆಯುತ್ತೇನೆ. ಈ ಸಲ ಶೇಂಗಾ ಕೈಕೊಟ್ಟಿತು. ನರೇಗಾದಲ್ಲಿ ಗೋಕಟ್ಟೆ ಕೆಲಸ ಮಾಡಿ ಎರಡು ತಿಂಗಳಾಯಿತು. ಅರ್ಧ ಜನಕ್ಕೆ ಕೂಲಿ ಬಂತು, ಅರ್ಧ ಜನಕ್ಕೆ ಬರಲಿಲ್ಲ. ಹೊಸ ಕೆಲಸ ಕೇಳಿದರೆ ‘ಸರ್ಕಾರ ದುಡ್ಡು ಕಟ್ ಮಾಡಿದೆ, ನರೇಗಾನೇ ಹೋಯ್ತು’ ಅನ್ನುತ್ತಾರೆ. ಮನೆ ಮನೆಗೆ ನಲ್ಲಿ ಹಾಕ್ತೀವಿ ಅಂತ ಸಿಸಿ ರೋಡ್ ಅಗೆದರು. ಪೈಪ್ ಹಾಕಿದರು, ನೀರು ಬರಲಿಲ್ಲ, ರೋಡೂ ಮುಚ್ಚಲಿಲ್ಲ. ಅದಕ್ಕೂ ಇದೇ ಉತ್ತರ. ಎಲ್ಲ ದುಡ್ಡೂ ಗೃಹಲಕ್ಷ್ಮಿಗೇ ಹೋಯ್ತು, ಎರಡು ಸಾವಿರ ತಗೊಂಡು ಈಗ ಯಾಕೆ ಕೇಳ್ತೀರಿ ಅಂತ ಬಾಯಿ ಮುಚ್ಚಿಸುತ್ತಾರೆ. ನಮ್ಮ ಸಂಘಗಳ ಒಕ್ಕೂಟದ ದುಡ್ಡನ್ನೂ ಸರ್ಕಾರ ವಾಪಸ್ ತಗೊಳ್ಳುತ್ತೆ ಅಂತ ಸುದ್ದಿ ಇದೆ. ಕೂಲಿ ಬರೋವರೆಗೆ ಅಂತ ಕೆಲವರು ಫೈನಾನ್ಸ್ ಸಾಲಕ್ಕೆ ಹೊರಟಿದ್ದಾರೆ. ಯಾವುದು ನಿಜ, ಯಾವುದು ಸುಳ್ಳು? ನಮ್ಮ ಅತ್ತೆಯ ಹೆಸರಿಗೆ ಮನೆ ಮಂಜೂರಾಗಿದೆ, ಒಂದು ಹಂತದ ಬಿಲ್ಲು ಬಾಕಿ ಇದೆ. ಜಾಸ್ತಿ ಕೇಳಿದರೆ ಅದಕ್ಕೇ ಕಲ್ಲು ಹಾಕುತ್ತಾರೇನೋ ಅಂತ ಭಯ.

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ‘ಅರ್ಧ ಜನಕ್ಕೆ ಬಂತು, ಅರ್ಧ ಜನಕ್ಕೆ ಬರಲಿಲ್ಲ’ ಅನ್ನುವ ಮಾತು. ಒಂದೇ ಗೋಕಟ್ಟೆ, ಒಂದೇ ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ), ಅವೇ ದಿನಗಳ ಕೆಲಸ. ಅದರಲ್ಲಿ ಕೆಲವರಿಗೆ ಜಮಾ ಆಗಿ ಕೆಲವರಿಗೆ ಆಗಿಲ್ಲ ಅಂದರೆ, ಅದಕ್ಕೆ ಬಜೆಟ್ ಕಡಿತ ಕಾರಣ ಆಗಿರುವುದು ಕಡಿಮೆ. ಮೇಲಿಂದ ದುಡ್ಡೇ ಬಂದಿರದಿದ್ದರೆ ಯಾರಿಗೂ ಬರುತ್ತಿರಲಿಲ್ಲ, ಅಲ್ವಾ? ಹಾಗಾಗಿ ನಿಮ್ಮ ನಾಲ್ಕೈದು ಕಷ್ಟಗಳನ್ನು ಒಂದೇ ಗಂಟು ಕಟ್ಟಬೇಡಿ. ‘ದುಡ್ಡು ಕಟ್ ಆಗಿದೆ’ ಅನ್ನುವ ಉತ್ತರ ಕೆಲವಕ್ಕೆ ನಿಜ, ಕೆಲವಕ್ಕೆ ಅರ್ಧ ನಿಜ, ಕೆಲವಕ್ಕೆ ಸುಳ್ಳು.

ನಾನು ಪಂಚಾಯ್ತಿ ಲೆಕ್ಕಗಳ ನಡುವೆಯೇ ಕೆಲಸ ಮಾಡಿದವಳು. ಆಮೇಲೆ ಸದಸ್ಯರಿಗೆ, ಸಂಘದ ಮಹಿಳೆಯರಿಗೆ ತರಬೇತಿ ಕೊಡುತ್ತಾ ಬಂದೆ. ಅಲ್ಲೆಲ್ಲ ನಾನು ಹೇಳುವುದು ಒಂದೇ ಮಾತು. ನಲ್ಲಿಯಲ್ಲಿ ನೀರು ಬರದಿದ್ದರೆ ಬೋರ್ ಒಣಗಿದೆಯೋ, ಮೋಟರ್ ಸುಟ್ಟಿದೆಯೋ, ನೀರುಗಂಟಿ ವಾಲ್ವ್ ತಿರುಗಿಸಿಲ್ಲವೋ ಅಂತ ನೋಡುತ್ತೇವೆ. ಸರ್ಕಾರದ ದುಡ್ಡಿಗೂ ಹಾಗೇ ನೋಡಬೇಕು. ಬಜೆಟ್‌ನಲ್ಲಿ ಘೋಷಣೆ ಆಗುವುದು ಒಂದು ಹಂತ. ವರ್ಷದ ಮಧ್ಯೆ ಆ ಅಂದಾಜು ತಿದ್ದುಪಡಿ ಆಗುವುದು ಇನ್ನೊಂದು. ನಿಜವಾಗಿ ಬಿಡುಗಡೆ ಆಗುವುದು ಮತ್ತೊಂದು. ಬಿಡುಗಡೆ ಆದದ್ದು ನಿಮ್ಮ ಖಾತೆಗೆ ಮುಟ್ಟುವುದು ಕೊನೆಯದು. ಒಂದೊಂದು ಹಂತದಲ್ಲಿ ನಿಂತ ದುಡ್ಡಿಗೆ ಒಂದೊಂದು ಬಾಗಿಲು ತಟ್ಟಬೇಕು. ದಿಲ್ಲಿಯಲ್ಲಿ ನಿಂತ ದುಡ್ಡಿಗೆ ಪಿಡಿಓ ಹತ್ತಿರ ಜಗಳ ಮಾಡಿ ಫಲವಿಲ್ಲ. ಪಂಚಾಯ್ತಿ ಕಂಪ್ಯೂಟರಿನಲ್ಲಿ ನಿಂತದ್ದಕ್ಕೆ ದಿಲ್ಲಿಯನ್ನು ಬೈದೂ ಫಲವಿಲ್ಲ.

ಘೋಷಣೆಗೂ ಬಿಡುಗಡೆಗೂ ಎಷ್ಟು ದೂರ ಅನ್ನುವುದನ್ನು ಚಿತ್ರದುರ್ಗ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಿಲ್ಲ. 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ₹5,300 ಕೋಟಿ ಕೊಡುತ್ತೇವೆ ಅಂದರು. ಆ ದುಡ್ಡಿಗಾಗಿ ಚಿತ್ರದುರ್ಗದಲ್ಲಿ ರೈತರು ಎಷ್ಟು ಧರಣಿ ಕೂತರು ಅಂತ ನೀವೇ ಕಂಡಿದ್ದೀರಿ. ಬಜೆಟ್ ಪುಸ್ತಕದಲ್ಲಿರುವ ಅಂಕಿ ಕೈಗೆ ಬಂದ ದುಡ್ಡಲ್ಲ.

ಮೊದಲು ನಿಮ್ಮ ಕೂಲಿ. ಕೆಲಸ ಮುಗಿದು ಎನ್‌ಎಂಆರ್ ಮುಚ್ಚಿದ ಮೇಲೆ ಎಂಜಿನಿಯರ್ ಅಳತೆ ಬರೆಯುತ್ತಾರೆ. ಆಮೇಲೆ ಕೂಲಿ ಪಟ್ಟಿ ಆಗುತ್ತದೆ, ಎಫ್‌ಟಿಓ ಅನ್ನುವ ಹಣ ವರ್ಗಾವಣೆ ಆದೇಶ ಹೋಗುತ್ತದೆ, ಕೊನೆಗೆ ಬ್ಯಾಂಕ್. ಇದೆಲ್ಲ ನರೇಗಾ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಜಾಬ್ ಕಾರ್ಡ್ ನಂಬರ್ ಇದ್ದರೆ ಸಾಕು. ನಿಮ್ಮ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಮೊಬೈಲಿನಲ್ಲೇ ತೆಗೆದು ತೋರಿಸುತ್ತಾರೆ.

ಕೂಲಿ ಬಾರದವರ ಹೆಸರಿನ ಮುಂದೆ ಎಫ್‌ಟಿಓ ತಿರಸ್ಕೃತ ಅಂತಿದ್ದರೆ ತೊಂದರೆ ಹೆಚ್ಚಾಗಿ ಇರುವುದು ಆಧಾರ್ ಜೋಡಣೆಯಲ್ಲಿ. 2024ರ ಜನವರಿ 1ರಿಂದ ನರೇಗಾ ಕೂಲಿಗೆ ಆಧಾರ್ ಮೂಲಕವೇ ಪಾವತಿ ಕಡ್ಡಾಯ ಆಯಿತು. ಜಾಬ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಆಧಾರ್ ಪಾವತಿ ಹೋಗುವುದು ನೀವು ಕೊಟ್ಟ ಪಾಸ್‌ಬುಕ್ಕಿನ ಖಾತೆಗಲ್ಲ. ಕೊನೆಗೆ ಯಾವ ಖಾತೆ ಆಧಾರ್‌ಗೆ ಜೋಡಣೆ ಆಗಿದೆಯೋ ಅದಕ್ಕೆ. ಪೋಸ್ಟ್ ಆಫೀಸಿನಲ್ಲೋ ಬೇರೆ ಬ್ಯಾಂಕಿನಲ್ಲೋ ಒಂದು ಖಾತೆ ತೆರೆದು ಮರೆತಿರುತ್ತೀರಿ, ದುಡ್ಡು ಅಲ್ಲಿ ಕೂತಿರುತ್ತದೆ. ಬಂದೇ ಇಲ್ಲ ಅಂದುಕೊಂಡ ಕೂಲಿ ಹೀಗೆ ಸಿಕ್ಕಿದ್ದನ್ನು ನಾನು ಬಹಳ ಸಲ ಕಂಡಿದ್ದೇನೆ. ಆದ್ದರಿಂದ ಬಾರದವರೆಲ್ಲ ಮೊದಲು ಎಲ್ಲ ಪಾಸ್‌ಬುಕ್ ಎಂಟ್ರಿ ಮಾಡಿಸಿ.

ಹಾಜರಿಯನ್ನೂ ನೋಡಿ. 2023ರಿಂದ ಆ್ಯಪಿನಲ್ಲಿ ದಿನಕ್ಕೆ ಎರಡು ಸಲ ಫೋಟೋ ಹಾಕಬೇಕು. ನಮ್ಮ ಬಯಲು ಸೀಮೆಯ ಗೋಮಾಳದಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ? ಎರಡನೇ ಫೋಟೋ ಹೋಗದಿದ್ದರೆ ಆ ದಿನದ ಕೂಲಿಗೇ ತೊಂದರೆ ಆಗುತ್ತದೆ. ಬೆವರು ಸುರಿಸಿದವರಿಗೆ ಆಗುವ ಇಂಥ ಅನ್ಯಾಯ ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ಅಂಥ ದಿನ ಹಾಜರಿ ಹಾಕುವ ಕಾಯಕ ಬಂಧು ಒಂದು ಚೀಟಿಯಲ್ಲಿ ಹೆಸರು ಬರೆದು, ಎಲ್ಲರ ಸಹಿ ಹಾಕಿಸಿ, ಅವತ್ತೇ ಪಂಚಾಯ್ತಿಗೆ ಕೊಡಬೇಕು. ವಾರ ಬಿಟ್ಟು ಕೊಟ್ಟರೆ ಯಾರೂ ಕೇಳುವುದಿಲ್ಲ.

ಎಫ್‌ಟಿಓ ಹೋಗಿದೆ, ತಿರಸ್ಕೃತವೂ ಆಗಿಲ್ಲ, ಸುಮ್ನೆ ಬಾಕಿ ಅಂತಿದ್ದರೆ ಆಗ ಮಾತ್ರ ಮೇಲಿನ ಬಿಡುಗಡೆ ತಡ ಅನ್ನಬಹುದು. 15 ದಿನದೊಳಗೆ ಕೂಲಿ ಕೊಡಬೇಕು, ತಡವಾದರೆ ದಿನಕ್ಕೆ ಶೇ 0.05ರಷ್ಟು ಪರಿಹಾರ ಕೊಡಬೇಕು ಅಂತ ನರೇಗಾ ನಿಯಮ ಹೇಳುತ್ತದೆ. 2025-26ರ ಕೂಲಿ ದಿನಕ್ಕೆ ₹370. ಹದಿನಾಲ್ಕು ದಿನಕ್ಕೆ ₹5,180. ಅದಕ್ಕೆ ಸಿಗುವ ಪರಿಹಾರ ದಿನಕ್ಕೆ ಎರಡೂವರೆ ರೂಪಾಯಿ. ಅದರಿಂದ ಯಾರ ಮನೆಯೂ ನಡೆಯುವುದಿಲ್ಲ, ನಿಜ. ಆದರೂ ಬರೆದು ಕೇಳಿ. ಕೇಳಿದಾಗ ತಡ ಆಗಿದೆ ಅನ್ನುವುದು ಕಾಗದದ ಮೇಲೆ ಬರುತ್ತದೆ. ನರೇಗಾ ದೂರು ಕೇಳುವ ಓಂಬುಡ್ಸ್‌ಮನ್ ಹತ್ತಿರ ಹೋಗುವಾಗ, ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ನಿಲ್ಲುವಾಗ ಆ ಕಾಗದವೇ ನಿಮ್ಮ ಬಲ.

ಹೊಸ ಕೆಲಸ ಯಾಕೆ ಕೊಡುತ್ತಿಲ್ಲ ಅನ್ನುವ ಪ್ರಶ್ನೆಯಲ್ಲಿ ಮಾತ್ರ ಮೇಲಿನ ದುಡ್ಡಿನ ಪಾತ್ರ ನಿಜವಾಗಿ ಇದೆ. ಕೋವಿಡ್ ವರ್ಷದಲ್ಲಿ, ಅಂದರೆ 2020-21ರಲ್ಲಿ, ನರೇಗಾಕ್ಕೆ ಕೇಂದ್ರದ ಖರ್ಚು ₹1.11 ಲಕ್ಷ ಕೋಟಿ ದಾಟಿತ್ತು. 2023-24ರ ಬಜೆಟ್‌ನಲ್ಲಿ ಅದಕ್ಕೆ ಇಟ್ಟದ್ದು ₹60,000 ಕೋಟಿ. ಸಾಲದೆ ಆಮೇಲೆ ₹86,000 ಕೋಟಿ ಮಾಡಿದರು. 2024-25ಕ್ಕೂ ₹86,000 ಕೋಟಿ, 2025-26ಕ್ಕೂ ಅಷ್ಟೇ. ಅಂಕಿ ಇಳಿಯಲಿಲ್ಲ, ಆದರೆ ಕೂಲಿ ದರ ಏರಿತು. ಹಳೇ ವರ್ಷದ ಬಾಕಿಯನ್ನೂ ಅದೇ ದುಡ್ಡಿನಲ್ಲಿ ತೀರಿಸಬೇಕು. ಹಾಗಾಗಿ ಅಷ್ಟೇ ದುಡ್ಡಿಗೆ ಸಿಗುವ ಕೆಲಸದ ದಿನ ಕಡಿಮೆ ಆಗುತ್ತದೆ. 2025ರಲ್ಲಿ ಹಣಕಾಸು ಸಚಿವಾಲಯ ವರ್ಷದ ಮೊದಲ ಆರು ತಿಂಗಳಲ್ಲಿ ಶೇ 60ಕ್ಕಿಂತ ಜಾಸ್ತಿ ಖರ್ಚು ಮಾಡಬಾರದು ಅಂತ ಮಿತಿಯನ್ನೂ ಹಾಕಿತು. ಇಂಥದ್ದನ್ನು ನಾನು ಕಡಿತ ಅಂತಲೇ ಕರೆಯುತ್ತೇನೆ, ಬಜೆಟ್ ಭಾಷಣದಲ್ಲಿ ಯಾರೂ ಆ ಪದ ಬಳಸದಿದ್ದರೂ.

‘ನರೇಗಾನೇ ಹೋಯ್ತು’ ಅನ್ನುವುದು ಅರ್ಧ ನಿಜ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆ ಒಪ್ಪಿತು. ಪತ್ರಿಕೆಗಳಲ್ಲಿ ‘ವಿಬಿ ಜಿ ರಾಮ್ ಜಿ’ ಅಂತ ನೋಡಿರುತ್ತೀರಿ. ಅದರಲ್ಲಿ ವರ್ಷಕ್ಕೆ 100 ದಿನದ ಬದಲು 125 ದಿನದ ಕೆಲಸದ ಭರವಸೆ ಇದೆ. ಅಂದರೆ ಕೆಲಸ ಕೇಳುವ ಹಕ್ಕು ಹೋಗಿಲ್ಲ. ನಿರುದ್ಯೋಗ ಭತ್ಯೆಯ ಮಾತೂ ಉಳಿದಿದೆ. ಬದಲಾಗಿರುವುದು ದುಡ್ಡು ಯಾರು ಕೊಡಬೇಕು ಅನ್ನುವುದು. ಮೊದಲು ಕೂಲಿಯ ಪೂರ್ತಿ ದುಡ್ಡು ಕೇಂದ್ರದ್ದು. ಹೊಸ ಕಾಯ್ದೆಯಲ್ಲಿ ನಮ್ಮಂಥ ರಾಜ್ಯಕ್ಕೆ ಕೇಂದ್ರ 60, ರಾಜ್ಯ 40. ಯಾವ ರಾಜ್ಯಕ್ಕೆ ಎಷ್ಟು ಅಂತ ಕೇಂದ್ರ ಮೊದಲೇ ಗೊತ್ತು ಮಾಡುತ್ತದೆ. ಅದನ್ನು ಮೀರಿದ ಖರ್ಚು ರಾಜ್ಯದ ತಲೆ ಮೇಲೆ. ನನ್ನ ಆತಂಕ ಇರುವುದು ಇಲ್ಲೇ. ಬರ ಬಂದ ವರ್ಷ ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನಂಥ ತಾಲ್ಲೂಕಿನಲ್ಲಿ ಕೆಲಸ ಕೇಳುವವರು ಜಾಸ್ತಿ ಆಗುತ್ತಾರೆ. ದುಡ್ಡು ಮಾತ್ರ ಮೊದಲೇ ಅಳೆದು ಇಟ್ಟಷ್ಟೇ ಇರುತ್ತದೆ.

ಬಿತ್ತನೆ, ಕಟಾವಿನ ಕಾಲ ಅಂತ ವರ್ಷದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸುವ ಅವಕಾಶವೂ ಹೊಸ ಕಾಯ್ದೆಯಲ್ಲಿದೆ. ಯಾವ 60 ದಿನ ಅನ್ನುವುದನ್ನು ರಾಜ್ಯ ಹೇಳುತ್ತದೆ. ಜಿಲ್ಲೆ, ತಾಲ್ಲೂಕು, ಪಂಚಾಯ್ತಿಗೆ ಬೇರೆ ಬೇರೆಯಾಗಿ ಹೇಳಲೂ ಬರುತ್ತದೆ. ಹರಿಹರದ ಭತ್ತದ ಗದ್ದೆಯ ಕಾಲವೂ ನಿಮ್ಮ ಶೇಂಗಾ ಹೊಲದ ಕಾಲವೂ ಒಂದೇ ಅಲ್ಲ. ಮಳೆ ಕೈಕೊಟ್ಟ ವರ್ಷ ಕೀಳುವುದಕ್ಕೆ ಶೇಂಗಾನೇ ಇರುವುದಿಲ್ಲ, ಆಗ ಕಟಾವಿನ ರಜೆ ಯಾರಿಗೆ ಬೇಕು? ನಿಮ್ಮ ಭಾಗದ ಕಾಲ ಯಾವುದು ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿ ಈಗಲೇ ಮೇಲಕ್ಕೆ ಕಳಿಸಿ. ಇನ್ನೊಂದು ಮಾತು, ಹಳೇ ಕಾನೂನಿನಡಿ ನೀವು ಮಾಡಿ ಮುಗಿಸಿದ ಕೆಲಸದ ಕೂಲಿ ನಿಮ್ಮದೇ. ಹೊಸ ಕಾನೂನು ಬಂತು ಅಂತ ಅದು ಮುಳುಗುವುದಿಲ್ಲ.

ನಲ್ಲಿ ನೀರಿನ ವಿಷಯದಲ್ಲಿ ಅವರು ಹೇಳಿದ್ದರಲ್ಲಿ ಸತ್ಯ ಜಾಸ್ತಿ. ನಮ್ಮಲ್ಲಿ ಮನೆ ಮನೆಗೆ ಗಂಗೆ ಅನ್ನುವುದು ಕೇಂದ್ರದ ಜಲ ಜೀವನ್ ಮಿಷನ್. 2024-25ರ ಬಜೆಟ್‌ನಲ್ಲಿ ಅದಕ್ಕೆ ₹70,163 ಕೋಟಿ ಇಟ್ಟಿದ್ದರು. ವರ್ಷ ಮುಗಿಯುವ ಮೊದಲು ಅದನ್ನು ₹22,694 ಕೋಟಿಗೆ ಇಳಿಸಿದರು. ಮೂರನೇ ಒಂದು ಭಾಗವೂ ಉಳಿಯಲಿಲ್ಲ. ಗುತ್ತಿಗೆದಾರರ ಬಿಲ್ಲು ನಿಂತಿತು, ಅವರು ಕೆಲಸ ನಿಲ್ಲಿಸಿದರು, ನಿಮ್ಮ ಬೀದಿಯ ಗುಂಡಿ ಹಾಗೇ ಉಳಿಯಿತು. ಯೋಜನೆಯನ್ನು 2028ರವರೆಗೆ ಮುಂದುವರಿಸಿದ್ದಾರೆ. ಅಂದರೆ ನಿಮ್ಮ ಊರಿನ ಕೆಲಸ ರದ್ದಾಯಿತು ಅಂತ ಅರ್ಥ ಅಲ್ಲ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಊರಿಗೆಲ್ಲ ನಲ್ಲಿ ನೀರು ಬಂತು ಅನ್ನುವ ಪ್ರಮಾಣೀಕರಣಕ್ಕೆ ಗ್ರಾಮಸಭೆಯ ಠರಾವು ಬೇಕು. ಕೊನೇ ಮನೆಗೆ ನೀರು ಬಂದು ರಸ್ತೆ ಮುಚ್ಚುವವರೆಗೆ ಅದಕ್ಕೆ ಕೈ ಎತ್ತಬೇಡಿ. ಸಹಿ ಆಯಿತೆಂದರೆ ಕೆಲಸ ಮುಗಿಯಿತು ಅಂತಲೇ ಲೆಕ್ಕ. ಎರಡನೆಯದು, ‘ಪಂಚಾಯ್ತಿಗೆ ಬರುವ ಹಣಕಾಸು ಆಯೋಗದ ದುಡ್ಡಿನಲ್ಲೇ ರಿಪೇರಿ ಮಾಡಿಸಿಬಿಡೋಣ’ ಅನ್ನುವವರು ಇರುತ್ತಾರೆ. 2025-26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಾಗಿತ್ತು, ಹಾಗಾಗಿ ಆ ದುಡ್ಡಿಗೆ ನಿಯಮದ ಅಡ್ಡಿ ಇಲ್ಲ. ಬೇಸಿಗೆಯಲ್ಲಿ ಬೇರೆ ದಾರಿ ಇಲ್ಲದಿದ್ದರೆ ಮಾಡಿಸಲೇಬೇಕಾಗುತ್ತದೆ. ಆದರೆ ಅಗೆದ ರಸ್ತೆ ಮುಚ್ಚುವುದು ಸಾಮಾನ್ಯವಾಗಿ ಅದೇ ಗುತ್ತಿಗೆಯಲ್ಲಿ ಸೇರಿರುತ್ತದೆ. ಪಂಚಾಯ್ತಿ ದುಡ್ಡಿನಲ್ಲಿ ಮುಚ್ಚಿಸಿದರೆ ಅದೇ ಗುಂಡಿಗೆ ನಾಳೆ ಇನ್ನೊಂದು ಬಿಲ್ಲು ಆಗಬಹುದು. ಮೊದಲು ಫೋಟೋ ತೆಗೆದಿಡಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ತಾಲ್ಲೂಕು ಎಂಜಿನಿಯರಿಗೆ ಪಂಚಾಯ್ತಿಯಿಂದ ಪತ್ರ ಬರೆಸಿ, ಆ ಗುತ್ತಿಗೆಯ ಅಂದಾಜು ಪಟ್ಟಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದಕ್ಕೆ ಶುಲ್ಕ ಇಲ್ಲ.

ಇನ್ನೊಂದು ಕಡಿತ ಇದೆ, ಅದರ ಬಗ್ಗೆ ಮಾತೇ ಕಡಿಮೆ. ಚುನಾಯಿತ ಸದಸ್ಯರಿಲ್ಲದ ಪಂಚಾಯ್ತಿಗೆ ಹಣಕಾಸು ಆಯೋಗದ ಅನುದಾನ ಸಿಗುವುದಿಲ್ಲ. ನಮ್ಮ ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. 2020ರ ಡಿಸೆಂಬರ್‌ನಲ್ಲಿ ಆರಿಸಿದ ಗ್ರಾಮ ಪಂಚಾಯ್ತಿಗಳ ಅವಧಿಯೂ ಐದೇ ವರ್ಷ. ಚುನಾವಣೆ ತಡವಾದಷ್ಟೂ ನಿಮ್ಮ ಊರಿನ ಚರಂಡಿಗೆ, ಟ್ಯಾಂಕಿಗೆ ಬರಬೇಕಾದ ದುಡ್ಡು ನಿಲ್ಲುತ್ತದೆ. ಊರಿಗೆ ಬರುವ ಎಂಎಲ್‌ಎ ಯಾವ ಪಕ್ಷದವರೇ ಆಗಲಿ, ಇದನ್ನು ನೇರವಾಗಿ ಕೇಳಿ.

ಗೃಹಲಕ್ಷ್ಮಿ ಮಾತಿಗೆ ಬರುತ್ತೇನೆ. ನಿಮ್ಮ ಬಾಯಿ ಮುಚ್ಚಿಸುವವರಿಗೆ ಹೀಗೆ ಹೇಳಿ. ನಿಮಗೆ ಬಾಕಿ ಇರುವ ನರೇಗಾ ಕೂಲಿ ಕೇಂದ್ರ ಕೊಡಬೇಕಾದ ದುಡ್ಡು. ಜಲ ಜೀವನ್‌ನಲ್ಲಿ ಇಳಿದದ್ದು ಕೇಂದ್ರದ ಅಂಕಿ. ಗೃಹಲಕ್ಷ್ಮಿ ರಾಜ್ಯದ ಖಜಾನೆಯದು. ಎರಡೂ ಬೇರೆ ಬೇರೆ ಚೀಲ. ರಾಜ್ಯದ ಚೀಲದ ಬಗ್ಗೆ ಮಾತ್ರ ಅವರ ಮಾತನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. 2025-26ರ ರಾಜ್ಯ ಬಜೆಟ್ ₹4,09,549 ಕೋಟಿ. ಅದರಲ್ಲಿ ಐದು ಗ್ಯಾರಂಟಿಗೆ ಇಟ್ಟದ್ದು ₹51,034 ಕೋಟಿ. ಎಂಟರಲ್ಲಿ ಒಂದು ಪಾಲು. ಅಷ್ಟು ದುಡ್ಡು ಒಂದು ಕಡೆ ಹೋದಾಗ ರಸ್ತೆ, ಕಟ್ಟಡ, ಶಾಸಕರ ಅನುದಾನಕ್ಕೆ ಬಿಗಿ ಆಗೇ ಆಗುತ್ತದೆ. ಹೊಸ ಕಾಯ್ದೆಯ 40 ಪಾಲನ್ನೂ ರಾಜ್ಯ ಅದೇ ಚೀಲದಿಂದ ಕೊಡಬೇಕು. ಆದರೂ ಎರಡು ಸಾವಿರ ತಗೊಂಡವಳಿಗೆ ಕೂಲಿ ಕೇಳುವ ಹಕ್ಕಿಲ್ಲ ಅನ್ನುವುದು ಯಾವ ನ್ಯಾಯ? ಕೂಲಿ ದುಡಿದದ್ದಕ್ಕೆ.

ಒಕ್ಕೂಟದ ದುಡ್ಡು ವಾಪಸ್ ಹೋಗುತ್ತದೆ ಅನ್ನುವುದು ಸುಳ್ಳು. ಸಂಜೀವಿನಿಯಲ್ಲಿ ಬಂದ ಸಮುದಾಯ ಬಂಡವಾಳ ನಿಧಿ ಒಕ್ಕೂಟದಲ್ಲೇ ಉಳಿದು ಸಂಘದಿಂದ ಸಂಘಕ್ಕೆ ತಿರುಗಲಿ ಅಂತಲೇ ಕೊಟ್ಟದ್ದು. ಈ ಸುದ್ದಿಯಿಂದ ಆಗುವ ಅಪಾಯ ಬೇರೆ. ಹೇಗೂ ವಾಪಸ್ ಹೋಗುತ್ತೆ, ಯಾಕೆ ಕಟ್ಟಬೇಕು ಅಂತ ಸದಸ್ಯರು ಕಂತು ನಿಲ್ಲಿಸುತ್ತಾರೆ. ಆಗ ನಿಧಿ ನಿಜವಾಗಿಯೂ ಮುಳುಗುತ್ತದೆ. ಲೆಕ್ಕ ಬರೆಯುವವರು ನೀವೇ ಆದ್ದರಿಂದ ಮುಂದಿನ ಸಭೆಯಲ್ಲಿ ಪಾಸ್‌ಬುಕ್ ಎಲ್ಲರ ಮುಂದೆ ಇಟ್ಟು ಓದಿ.

ಫೈನಾನ್ಸ್ ಸಾಲಕ್ಕೆ ಹೊರಟವರನ್ನು ಎರಡು ದಿನ ತಡೆಯಿರಿ ಅಂತ ಕೇಳಿಕೊಳ್ಳುತ್ತೇನೆ. ವಾರದ ಕಂತು ಕೂಲಿ ಬರುವವರೆಗೆ ಕಾಯುವುದಿಲ್ಲ. ಬಲವಂತದ ವಸೂಲಿ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿದೆ, ಆದರೆ ಲೈಸೆನ್ಸ್ ಇರುವ ಕಂಪನಿಯ ಸಾಲ ಅದರಿಂದ ಮನ್ನಾ ಆಗುವುದಿಲ್ಲ. ಮೊದಲು ಒಕ್ಕೂಟದ ನಿಧಿಯಿಂದ ಸಣ್ಣ ಸಾಲ ಕೊಡಿ. ಸಾಲದಿದ್ದರೆ ಸಂಘದ ಬ್ಯಾಂಕ್ ಸಾಲ ನೋಡಿ. ಅದರಲ್ಲೂ ತೊಂದರೆ ಇದೆ. ಒಬ್ಬರು ಕಟ್ಟದಿದ್ದರೆ ಇಡೀ ಸಂಘದ ಹೆಸರು ಕೆಡುತ್ತದೆ. ಅದಕ್ಕೇ ಕೂಲಿ ಬಾಕಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಕೊಡಿ, ಮದುವೆ ಖರ್ಚನ್ನು ಇದರಲ್ಲಿ ಸೇರಿಸಬೇಡಿ.

ಹೊಸ ಕೆಲಸವನ್ನು ಬಾಯಿಮಾತಲ್ಲಿ ಕೇಳಬೇಡಿ. ನಮೂನೆ 6ರಲ್ಲಿ ಬರೆದುಕೊಟ್ಟು ತಾರೀಕು ಹಾಕಿದ ರಸೀದಿ ತಗೊಳ್ಳಿ. ಹೊಸ ಯೋಜನೆಯ ಅರ್ಜಿ ಬಂದಿದ್ದರೆ ಅದರಲ್ಲಿ ಕೇಳಿ, ರಸೀದಿ ಮಾತ್ರ ಬಿಡಬೇಡಿ. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ನರೇಗಾದಲ್ಲಿ ಅದು ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ, ಅದೂ ರಾಜ್ಯದ ದುಡ್ಡಿನಲ್ಲಿ. ಭತ್ಯೆ ನಿಜವಾಗಿ ಕೈಗೆ ಬಂದದ್ದು ನಾನು ಕಂಡದ್ದು ತೀರಾ ಕಡಿಮೆ. ಆದರೆ ಭತ್ಯೆ ಕೊಡಬೇಕಾಗುತ್ತದೆ ಅನ್ನುವ ಕಾರಣಕ್ಕೇ ರಸೀದಿ ಕೊಟ್ಟ ಕಡೆ ಕೆಲಸ ಬೇಗ ಹುಟ್ಟುತ್ತದೆ. ರಸೀದಿ ಕೊಡಲು ಅವರು ಹಿಂದೆಮುಂದೆ ನೋಡುವುದೂ ಇದಕ್ಕೇ. ಒಬ್ಬೊಬ್ಬರೇ ಹೋಗಬೇಡಿ. ಇಪ್ಪತ್ತು ಮಂದಿ ಒಟ್ಟಿಗೆ ಹೋಗಿ.

ಪಂಚಾಯ್ತಿಯ ಸ್ವಂತ ಆದಾಯವನ್ನೂ ಒಮ್ಮೆ ಕೇಳಿ ನೋಡಿ. ನಿಮ್ಮ ವ್ಯಾಪ್ತಿಯಲ್ಲಿ ಗಾಳಿ ಯಂತ್ರ, ಸೋಲಾರ್ ಪ್ಲಾಂಟ್, ಮೊಬೈಲ್ ಟವರ್ ಇದ್ದರೆ ಅವರಿಂದ ಎಷ್ಟು ಬರಬೇಕು, ಎಷ್ಟು ಬಂದಿದೆ? ಇದನ್ನು ಕೇಳುವಾಗ ಒಂದು ಅಪಾಯ ಇದೆ. ವಸೂಲಿ ಜಾಸ್ತಿ ಮಾಡಿ ಅಂದರೆ ಬಿಲ್ ಕಲೆಕ್ಟರ್ ಮೊದಲು ಬರುವುದು ಬಡವರ ಮನೆ ಕಂದಾಯಕ್ಕೆ. ದೊಡ್ಡ ಬಾಕಿದಾರರ ಪಟ್ಟಿ ಮೊದಲು ಓದಿ ಅಂತ ಗ್ರಾಮಸಭೆಯಲ್ಲಿ ಹಟ ಹಿಡಿಯಿರಿ. ಭೀಮಸಮುದ್ರ, ಹೊಸದುರ್ಗದ ಕಡೆಯ ಗಣಿ ಬಾಧಿತ ಊರುಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಅಂತ ಇನ್ನೊಂದು ಚೀಲ ಇದೆ. ಅದರಲ್ಲಿ ಕುಡಿಯುವ ನೀರು, ಶಾಲೆ, ಆಸ್ಪತ್ರೆಗೆ ಮೊದಲ ಸ್ಥಾನ. ಆ ಕಡೆ ನಿಮ್ಮ ನೆಂಟರಿದ್ದರೆ ತಿಳಿಸಿ.

ಕೊನೆಗೆ ನಿಮ್ಮ ಅತ್ತೆಯ ಮನೆ ಬಿಲ್ಲು. ನಿಮ್ಮ ಭಯ ಸುಳ್ಳಲ್ಲ. ಮನೆ ದುಡ್ಡು ಫಲಾನುಭವಿಯ ಖಾತೆಗೆ ನೇರವಾಗಿ ಬರುತ್ತದೆ, ಪಿಡಿಓ ಅದನ್ನು ಮುಟ್ಟಲು ಆಗುವುದಿಲ್ಲ. ಆದರೆ ಪ್ರತಿ ಹಂತದಲ್ಲೂ ಪಂಚಾಯ್ತಿಯವರೇ ಬಂದು ಜಿಪಿಎಸ್ ಫೋಟೋ ತೆಗೆದು ಕಳಿಸಬೇಕು. ಅಲ್ಲಿ ತಡ ಮಾಡಿದರೆ ಬಿಲ್ಲು ತಡ ಆಗುತ್ತದೆ. ಅದಕ್ಕೆ ಕೂಲಿಯ ಅರ್ಜಿಯಲ್ಲಿ ನಿಮ್ಮ ಹೆಸರು ಮೊದಲು ಬೇಡ. ಸಂಘದ ಲೆಟರ್‌ಹೆಡ್‌ನಲ್ಲಿ ಬರೆಯಿರಿ, ಎಲ್ಲರೂ ಸಹಿ ಹಾಕಿ, ಒಂದು ಪ್ರತಿಯನ್ನು ಚಳ್ಳಕೆರೆಗೆ ಹೋಗಿ ತಾಲ್ಲೂಕು ಪಂಚಾಯ್ತಿ ಇಓ ಕಚೇರಿಯಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಅರ್ಜಿ ಕೊಡುವ ಮೊದಲೇ ಅತ್ತೆಯವರ ಮನೆಯ ಈಗಿನ ಹಂತದ ಫೋಟೋ ತೆಗೆಸಲು ಬರೆದು ಕೇಳಿ. ತಾರೀಕು ಇರುವ ಆ ಕಾಗದ ನಿಮ್ಮ ಕೈಯಲ್ಲಿದ್ದರೆ, ಆಮೇಲೆ ಯಾರಾದರೂ ಸೇಡಿಗೆ ತಡೆದರೂ ಇಓ ಮುಂದೆ, ಜಿಲ್ಲಾ ಪಂಚಾಯ್ತಿ ಸಿಇಓ ಮುಂದೆ ಅದನ್ನು ತೋರಿಸಬಹುದು. ಮೊದಲು ಮನೆ ಫೋಟೋದ ಅರ್ಜಿ, ವಾರ ಬಿಟ್ಟು ಕೂಲಿಯ ಅರ್ಜಿ. ಈ ಕ್ರಮ ತಪ್ಪಿಸಬೇಡಿ.